ಮನೆಯ ಪುಟ್ಟ ನಾಯಿ: ಲಕ್ಷಣ ಮತ್ತು ಪಾಲನೆ

(ಶತಮಾನೋತ್ಸವದ ಅಂಗವಾಗಿ ನಡೆದ ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಬರಹರೂಪ)



ನೂರು ವರ್ಷ ತುಂಬಿದ ಶಾಲೆಯ ವೇದಿಕೆಯಿಂದ ನಾಯಿಯ ವಿಷಯವಾಗಿ ಮಾತನಾಡುವುದೇ ಎಂದು ಕೆಲವರಿಗೆ ಅಚ್ಚರಿಯಾಗಬಹುದು. ಆದರೆ ‘ನನ್ನ ಮೆಚ್ಚಿನ ಪ್ರಾಣಿ’ ಎಂಬ ಪ್ರಬಂಧ ಬರೆಯಿರಿ ಎಂದರೆ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಬರೆಯುವುದು ನಾಯಿಯನ್ನು ಕುರಿತೇ. ಮಕ್ಕಳ ಪ್ರೀತಿ ಎಲ್ಲಿದೆಯೋ ಅಲ್ಲಿ ಅವರ ಶಿಕ್ಷಣವೂ ಇದೆ, ಕೆಲವೊಮ್ಮೆ ಅಪಾಯವೂ ಇದೆ. ಆ ಕಾರಣದಿಂದಲೇ ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ಮೊದಲಿಗೆ, ನಾವು ಮಾತನಾಡುತ್ತಿರುವ ನಾಯಿ ಯಾವುದು? ಆದವಾನಿಯ ಓಣಿಗಳಲ್ಲಿ, ಆಲೂರು, ಕೌತಾಳಂ, ಎಮ್ಮಿಗನೂರುಗಳ ಮನೆಗಳಲ್ಲಿ ಕಾಣುವ ಪುಟ್ಟ ನಾಯಿ ಅದು. ಬಿಳಿ ಅಥವಾ ಕಂದು ಮೈಬಣ್ಣ, ಚೂಪು ಮೂತಿ, ನಿಮಿರಿದ ಕಿವಿ, ಬೆನ್ನಿನ ಮೇಲಕ್ಕೆ ಸುರುಳಿಯಾದ ಬಾಲ. ಇದನ್ನು ಎಲ್ಲರೂ ‘ಪಾಮೇರಿಯನ್’ ಎಂದೇ ಕರೆಯುತ್ತಾರೆ. ವಾಸ್ತವದಲ್ಲಿ ಹೀಗೆ ಕರೆಸಿಕೊಳ್ಳುವ ನಾಯಿಗಳಲ್ಲಿ ಬಹುಪಾಲು ‘ಇಂಡಿಯನ್ ಸ್ಪಿಟ್ಜ್’ ಎಂಬ ತಳಿಯವು, ಇಲ್ಲವೇ ಆ ತಳಿಯೂ ನಮ್ಮ ಬೀದಿಯ ನಾಡನಾಯಿಯೂ ಕೂಡಿ ಹುಟ್ಟಿದ ಮಿಶ್ರ ಸಂತಾನ. 1994ರಲ್ಲಿ ತೆರೆಕಂಡ ‘ಹಮ್ ಆಪ್ಕೇ ಹೈ ಕೌನ್’ ಹಿಂದಿ ಚಿತ್ರದ ‘ಟಫಿ’ ಎಂಬ ಬಿಳಿಯ ನಾಯಿಯನ್ನು ಹಿರಿಯರು ನೆನಪಿಸಿಕೊಂಡರೆ ಅದರ ರೂಪ ಕಣ್ಣಮುಂದೆ ಬರುತ್ತದೆ.

ಮಿಶ್ರ ತಳಿಯ ನಾಯಿಯನ್ನು ನಾವು ‘ಕಂತ್ರಿ’ ಎಂದು ಹೀಯಾಳಿಸುತ್ತೇವೆ. ‘ನಾಡು’ ಎಂಬ ಅರ್ಥದ ‘ಕಂಟ್ರಿ’ ಎಂಬ ಇಂಗ್ಲಿಷ್ ಮಾತು ನಮ್ಮ ಬಾಯಲ್ಲಿ ‘ಕಂತ್ರಿ’ಯಾಗಿ, ಬರಬರುತ್ತಾ ಬೈಗುಳವಾಯಿತು. ನಮ್ಮ ನಾಡಿನದು ಎಂಬ ಮಾತೇ ನಮಗೆ ಬೈಗುಳವಾದದ್ದು ವಿಚಿತ್ರವಲ್ಲವೇ? 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದು ಆಮೇಲೆ ಆಂಧ್ರಕ್ಕೆ ಸೇರಿದ, ಕನ್ನಡ, ತೆಲುಗು, ಉರ್ದು ಮೂರೂ ಬೆರೆತು ಬಾಳುವ ಈ ಊರಿನವರಾದ ನಾವಾದರೂ ಮಿಶ್ರಣವನ್ನು ಹೀನವೆಂದು ಭಾವಿಸಬಾರದು.

ನಾಯಿಯನ್ನು ಗೌರವಿಸುವುದು ನಮ್ಮ ಪರಂಪರೆಗೆ ಹೊಸದೇನಲ್ಲ. ಕ್ರಿ.ಶ. 950ರ ಸುಮಾರಿನ ಆತಕೂರು ಶಾಸನವು ಕಾಡುಹಂದಿಯೊಡನೆ ಹೋರಾಡಿ ಮಡಿದ ‘ಕಾಳಿ’ ಎಂಬ ನಾಯಿಯ ಸ್ಮಾರಕ. ಇಂದು ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮೈಲಾರಲಿಂಗನ ಭಕ್ತರಾದ ಗೊರವಯ್ಯಗಳು ತಮ್ಮನ್ನು ದೇವರ ನಾಯಿಗಳೆಂದೇ ಭಾವಿಸಿ, ದೋಣಿಯೆಂಬ ಪಾತ್ರೆಯಲ್ಲಿ ಹಾಕಿದ ಪ್ರಸಾದವನ್ನು ಬಾಯಿಂದಲೇ ಸ್ವೀಕರಿಸುವ ಸೇವೆ ಇಂದಿಗೂ ಇದೆ. ಗೌರವ ನಮ್ಮಲ್ಲಿ ಉಂಟು. ಪಾಲನೆಯಲ್ಲಿ ಮಾತ್ರ ನಾವು ಹಿಂದೆ ಉಳಿದಿದ್ದೇವೆ.

ಈ ನಾಯಿಯ ಸ್ವಭಾವವನ್ನು ಗಮನಿಸೋಣ. ಇದು ಬಹಳ ಚುರುಕು. ಹೊಸ ಹೆಜ್ಜೆಯ ಸಪ್ಪಳ ಕೇಳಿದೊಡನೆ ಬೊಗಳುತ್ತದೆ. ಮನೆಯವರನ್ನು ಬಿಟ್ಟಿರಲಾರದು, ಬಹಳ ಹೊತ್ತು ಒಂಟಿಯಾಗಿ ಕಟ್ಟಿಹಾಕಿದರೆ ಕಿರಿಕಿರಿಗೊಂಡು ಸಿಕ್ಕದ್ದನ್ನು ಕಡಿಯುತ್ತದೆ. ಮಿಶ್ರ ಸಂತಾನವಾದ್ದರಿಂದ ಮರಿಯನ್ನು ನೋಡಿ ಅದು ಎಷ್ಟು ದೊಡ್ಡದಾದೀತು, ಎಂಥ ಗುಣ ಬಂದೀತು ಎಂದು ಖಚಿತವಾಗಿ ಹೇಳಲಾಗದು. ಚೆನ್ನಾಗಿ ನೋಡಿಕೊಂಡರೆ ಹನ್ನೆರಡರಿಂದ ಹದಿನೈದು ವರ್ಷ ಬಾಳುತ್ತದೆ. ಎಂದರೆ, ಮೊದಲನೆಯ ತರಗತಿಯ ಮಗು ತಂದ ಮರಿ ಆ ಮಗು ಕಾಲೇಜು ಮುಗಿಸುವವರೆಗೂ ಮನೆಯಲ್ಲಿರುತ್ತದೆ. ಮರಿಯನ್ನು ತರುವ ಮುನ್ನ ಈ ಲೆಕ್ಕವನ್ನು ಹಾಕಬೇಕು.

ಇನ್ನು ಪಾಲನೆ. ನಮ್ಮ ಸೀಮೆಯ ಬೇಸಿಗೆ ಎಲ್ಲರಿಗೂ ಗೊತ್ತು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಅದು ಮೈಯ ಕಾವನ್ನು ಇಳಿಸಿಕೊಳ್ಳಬೇಕು. ಆದ್ದರಿಂದ ದಟ್ಟ ಕೂದಲಿನ ಈ ನಾಯಿಯನ್ನು ಬಿಸಿಲಿನಲ್ಲಿ, ಕಾದ ಬಂಡೆಯ ಮೇಲೆ, ತಗಡಿನ ಚಪ್ಪರದಡಿ ಕಟ್ಟಬಾರದು. ನೆರಳು, ಗಾಳಿ ಹಾಗೂ ದಿನವಿಡೀ ತಣ್ಣನೆಯ ಕುಡಿಯುವ ನೀರು ಇರಲೇಬೇಕು. ಬೆಳಿಗ್ಗೆ ಬೇಗ ಮತ್ತು ಹೊತ್ತು ಮುಳುಗಿದ ಮೇಲೆ ತಿರುಗಾಡಿಸಬೇಕು. ಸೆಖೆಯೆಂದು ಕೂದಲನ್ನು ಪೂರ್ತಿ ಬೋಳಿಸುವುದೂ ಸರಿಯಲ್ಲ. ಅದು ಬಿಸಿಲಿನಿಂದ ಚರ್ಮವನ್ನು ಕಾಯುತ್ತದೆ. ದಿನವೂ ಬಾಚಿದರೆ ಸಾಕು. ಬಾಚುವಾಗಲೇ ಕಿವಿಯ ಸಂದು, ಕಾಲ್ಬೆರಳ ನಡುವೆ ಅಡಗಿದ ಉಣ್ಣಿಗಳು ಕಣ್ಣಿಗೆ ಬೀಳುತ್ತವೆ. ಉಣ್ಣಿಯಿಂದ ಬರುವ ಜ್ವರ ನಾಯಿಯ ಪ್ರಾಣವನ್ನೇ ತೆಗೆಯಬಹುದು.

ಆಹಾರದ ವಿಷಯದಲ್ಲಿ, ಉಳಿದ ಅನ್ನಕ್ಕೆ ಮಜ್ಜಿಗೆ ಕಲಸಿ ಹಾಕುವುದು ನಮ್ಮ ರೂಢಿ. ಅಷ್ಟೇ ಸಾಲದು. ಬೇಯಿಸಿದ ಮೊಟ್ಟೆಯನ್ನೋ ಉಪ್ಪು ಖಾರವಿಲ್ಲದ ಮಾಂಸವನ್ನೋ ಸೇರಿಸಿದರೆ ಒಳ್ಳೆಯದು. ನಮ್ಮ ಖಾರದ ಸಾರು ಅದಕ್ಕೆ ಹಿಡಿಸದು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಇವು ನಾಯಿಗೆ ವಿಷ. ಬೇಯಿಸಿದ ಕೋಳಿಯ ಎಲುಬು ಚೂಪಾಗಿ ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ಮಕ್ಕಳು ಪ್ರೀತಿಯಿಂದ ತಮ್ಮ ಚಾಕೊಲೇಟನ್ನು ಹಂಚಿಕೊಳ್ಳುತ್ತಾರೆ. ಈ ಒಂದು ಹಂಚಿಕೆ ಬೇಡವೆಂದು ಅವರಿಗೆ ತಿಳಿಸಿ.

ಮರಿಗೆ ಆರರಿಂದ ಎಂಟು ವಾರವಾದಾಗ ಪಶುವೈದ್ಯರಲ್ಲಿಗೆ ಒಯ್ಯಬೇಕು. ಜಂತುಹುಳುವಿನ ಔಷಧ, ಪಾರ್ವೋ ಮೊದಲಾದ ರೋಗಗಳ ಲಸಿಕೆ ಆಗಲೇ ಆರಂಭವಾಗುತ್ತವೆ. ವಾಂತಿ, ರಕ್ತಭೇದಿಯಿಂದ ಎಷ್ಟೋ ಮರಿಗಳು ಸಾಯುವುದು ಈ ಪಾರ್ವೋ ರೋಗದಿಂದಲೇ. ಮೂರು ತಿಂಗಳು ತುಂಬಿದಾಗ ರೇಬೀಸ್ ಲಸಿಕೆ, ಅನಂತರ ವೈದ್ಯರು ಹೇಳಿದಂತೆ ವರ್ಷವರ್ಷವೂ ಅದೇ ಲಸಿಕೆ. ಹೆಣ್ಣುನಾಯಿ ಗರ್ಭ ಧರಿಸಿದರೆ ಸುಮಾರು 63 ದಿನಗಳಲ್ಲಿ ಮರಿ ಹಾಕುತ್ತದೆ. ಆ ಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟುಬರುವ ಕ್ರೌರ್ಯಕ್ಕಿಂತ ಮೊದಲೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಮಾನವೀಯ.

ಈಗ ನನ್ನ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇನೆ. ಹುಚ್ಚುನಾಯಿ ರೋಗವೆಂದು ನಾವು ಕರೆಯುವ ರೇಬೀಸ್‌ನಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಶಂಕಿತ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ನೂರಕ್ಕೆ ನಲವತ್ತರಷ್ಟು ಮಂದಿ ಹದಿನೈದು ವರ್ಷದೊಳಗಿನ ಮಕ್ಕಳು. ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಬದುಕುಳಿಯುವುದು ಬಹುತೇಕ ಅಸಾಧ್ಯ. ಆದರೆ ಸಕಾಲದಲ್ಲಿ ಸರಿಯಾದ ಚಿಕಿತ್ಸೆ ದೊರೆತರೆ ರೋಗವನ್ನು ತಡೆಯಬಹುದು. 1885ರ ಜುಲೈ 6ರಂದು ಲೂಯಿ ಪಾಶ್ಚರ್ ಅವರು ಮೊದಲ ಬಾರಿಗೆ ಈ ಲಸಿಕೆ ಕೊಡಿಸಿ ಉಳಿಸಿದ್ದು ಒಂಬತ್ತು ವರ್ಷದ ಬಾಲಕನನ್ನು.

ಕೆಲವು ವರ್ಷಗಳ ಹಿಂದೆ ನಮ್ಮ ಆರನೆಯ ತರಗತಿಯ ಬಾಲಕನೊಬ್ಬ ಕವಾಯತಿನ ವೇಳೆ ಕುಂಟುತ್ತಿದ್ದುದು ನಮ್ಮ ಅಧ್ಯಾಪಕರ ಕಣ್ಣಿಗೆ ಬಿತ್ತು. ಕಾಲುಚೀಲ ಸರಿಸಿ ನೋಡಿದರೆ ಹಲ್ಲಿನ ಗುರುತು. ಹಿಂದಿನ ಸಂಜೆ ಮನೆಯ ಮರಿಯೇ ಕಚ್ಚಿತ್ತು. “ಮನ್ಯಾಗ ಹೇಳಬ್ಯಾಡ್ರೀ ಟೀಚರ್, ಅದನ್ನ ಹೊರಗ ಬಿಟ್ಟುಬಿಡ್ತಾರ” ಎಂದು ಅತ್ತನೇ ಹೊರತು ನೋವಾಗುತ್ತಿದೆಯೆಂದು ಅಳಲಿಲ್ಲ. ಮರಿಗೆ ಲಸಿಕೆ ಹಾಕಿಸಿರಲಿಲ್ಲ. ಅದೇ ದಿನ ಅವನ ತಾಯಿಯನ್ನು ಕರೆಸಿ ಆಸ್ಪತ್ರೆಗೆ ಕಳುಹಿಸಿದೆವು. ಅವನ ಚುಚ್ಚುಮದ್ದುಗಳೆಲ್ಲ ಪೂರ್ತಿಯಾದವು. ಮರಿಯೂ ಆರೋಗ್ಯವಾಗಿ ಆ ಮನೆಯಲ್ಲೇ ಉಳಿಯಿತು. ಆದರೆ ಆ ಮಗು ಮೌನವಾಗಿದ್ದ ಒಂದು ರಾತ್ರಿಯನ್ನು ನೆನೆದಾಗ ಇಂದಿಗೂ ನನಗೆ ಭಯವಾಗುತ್ತದೆ. ಮಗು ಗಾಯವನ್ನು ಮುಚ್ಚಿಡುವುದು ಹಟದಿಂದಲ್ಲ. ತನ್ನ ನಾಯಿಯ ಮೇಲಿನ ಪ್ರೀತಿಯಿಂದ, ನಮ್ಮ ಕೋಪದ ಭಯದಿಂದ, ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಹಳೆಯ ಮಾತಿನ ಅಂಜಿಕೆಯಿಂದ. ಆ ಹಳೆಯ ಲಸಿಕೆ ಈಗ ಬಳಕೆಯಲ್ಲಿಲ್ಲ. ಈಗ ತೋಳಿಗೆ ಕೊಡುತ್ತಾರೆ. ಆರಂಭದ ದಿನವನ್ನು ಸೊನ್ನೆಯೆಂದು ಎಣಿಸಿ 3, 7, 28ನೆಯ ದಿನಗಳಂದು. ಸ್ನಾಯುವಿಗೆ ಕೊಡುವ ಕ್ರಮದಲ್ಲಿ 14ನೆಯ ದಿನವೂ ಸೇರುತ್ತದೆ.

ಆದುದರಿಂದ ಕಚ್ಚಿದ್ದು ಮನೆಯ ಮರಿಯಾಗಲಿ ಬೀದಿಯ ನಾಯಿಯಾಗಲಿ, ಉಗುರಿನ ಗೀರೇ ಆಗಲಿ, ಕೂಡಲೇ ಹರಿಯುವ ನೀರು ಮತ್ತು ಸೋಪಿನಿಂದ ಹದಿನೈದು ನಿಮಿಷ ತೊಳೆಯಬೇಕು. ಸುಣ್ಣ, ಖಾರದಪುಡಿ, ಅರಿಶಿನ, ಎಣ್ಣೆ ಯಾವುದನ್ನೂ ಹಚ್ಚಬಾರದು. ಅಂದೇ ಆಸ್ಪತ್ರೆಗೆ ಹೋಗಬೇಕು. ರಕ್ತ ಬರುವ ಗಾಯವಾದರೆ ಲಸಿಕೆಯ ಜೊತೆಗೆ ಗಾಯದೊಳಗೇ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ಅದನ್ನು ಕೇಳಿ ಪಡೆಯಿರಿ. ನಾಯಿಯನ್ನು ಹತ್ತು ದಿನ ಗಮನಿಸಬೇಕು, ನಿಜ. ಆದರೆ ಅದಕ್ಕಾಗಿ ಚಿಕಿತ್ಸೆಯನ್ನು ಮುಂದೂಡಬಾರದು.

ಮಕ್ಕಳೇ, ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ನಂಬಬೇಡಿ. ಉಣ್ಣುವ, ಮಲಗಿರುವ, ಮರಿಗಳೊಂದಿಗಿರುವ ನಾಯಿಯನ್ನು ಮುಟ್ಟಬೇಡಿ. ಎದುರಾದ ನಾಯಿ ಗುರುಗುಟ್ಟಿದರೆ ಓಡಬೇಡಿ. ಕೈಗಳನ್ನು ಮೈಗೆ ಸೇರಿಸಿ, ಅದರ ಕಣ್ಣನ್ನು ದಿಟ್ಟಿಸದೆ ಅಲ್ಲಾಡದೆ ನಿಲ್ಲಿ.

ಪೋಷಕರಲ್ಲಿ ನನ್ನ ಕೋರಿಕೆ ಎರಡೇ. ಮಗುವಿನ ಲಸಿಕೆಯ ಚೀಟಿಯ ಪಕ್ಕದಲ್ಲಿ ನಾಯಿಯ ಲಸಿಕೆಯ ಚೀಟಿಯನ್ನೂ ಜೋಪಾನವಾಗಿ ಇಡಿ. ಎರಡನೆಯದಾಗಿ, “ಕಚ್ಚಿದರೆ ಬಂದು ಹೇಳು, ನಿನ್ನನ್ನು ಬೈಯುವುದಿಲ್ಲ, ನಾಯಿಯನ್ನು ಹೊರಹಾಕುವುದಿಲ್ಲ” ಎಂದು ಇಂದು ರಾತ್ರಿಯೇ ನಿಮ್ಮ ಮಗುವಿಗೆ ಮಾತು ಕೊಡಿ. ಕೊಟ್ಟ ಮಾತನ್ನು ಉಳಿಸಿಕೊಳ್ಳಿ. ಪುಕ್ಕಟೆ ಸಿಕ್ಕ ಮರಿಯೆಂದು ಅದರ ಪಾಲನೆಯೂ ಪುಕ್ಕಟೆ ಎಂದು ತಿಳಿಯಬೇಡಿ. ನಾಯಿಯನ್ನು ಸರಿಯಾಗಿ ನೋಡಿಕೊಂಡ ಮನೆಯಲ್ಲಿ ಮಗುವಿಗೆ ಗಾಯವನ್ನು ಮುಚ್ಚಿಡುವ ಅಗತ್ಯವೇ ಬೀಳುವುದಿಲ್ಲ.