ತಿಂಡಿಯ ಹೆಸರು

ನಮ್ಮ ಅಂಗಡಿಗಳಲ್ಲಿ 'ಲೇಸ್' ಎಂದು ಮಾರುವ ಆಲೂಗಡ್ಡೆ ಚಿಪ್ಸು ಇಂಗ್ಲೆಂಡಿನಲ್ಲಿ 'ವಾಕರ್ಸ್', ಮೆಕ್ಸಿಕೋದಲ್ಲಿ 'ಸಬ್ರಿತಾಸ್'. ಮೂರಕ್ಕೂ ಒಡೆತನ ಪೆಪ್ಸಿಕೊ ಸಂಸ್ಥೆಯದೇ, ಹೆಸರೇಕೆ ಮೂರು?

'ಲೇಸ್' ನಮ್ಮ ಕನ್ನಡದ 'ಲೇಸು' ಅಲ್ಲ. 1932ರಲ್ಲಿ ಅಮೆರಿಕದ ನ್ಯಾಶ್ವಿಲ್ಲಿನಲ್ಲಿ ವ್ಯಾಪಾರ ಹೂಡಿದ ಹರ್ಮನ್ ಲೇ ಎಂಬಾತನ ಹೆಸರು. ಲೆಸ್ಟರಿನಲ್ಲಿ ಹೆನ್ರಿ ವಾಕರನು ನಡೆಸುತ್ತಿದ್ದುದು ಮಾಂಸದಂಗಡಿ. ಯುದ್ಧಾನಂತರ ಮಾಂಸಕ್ಕೆ ಪಡಿತರದ ಕಟ್ಟು ಇದ್ದುದರಿಂದ ಅದು 1948ರಲ್ಲಿ ಆಲೂಗಡ್ಡೆ ಕರಿಯತೊಡಗಿತು. 'ಸಬ್ರಿತಾಸ್' ಎಂಬುದು ಸ್ಪ್ಯಾನಿಷ್ ನುಡಿಯ 'ರುಚಿಯಾದ', 'ಕರಿದ' ಎಂಬ ಪದಗಳ ಬೆಸುಗೆ.

1989ರಲ್ಲಿ ವಾಕರ್ಸನ್ನು ಕೊಂಡ ಪೆಪ್ಸಿಕೊ, ಕಾಲಕ್ರಮದಲ್ಲಿ ಪೊಟ್ಟಣದ ಲಾಂಛನವನ್ನು ಲೇಸಿನಂತೆ ಮಾರ್ಪಡಿಸಿತು. ಹೆಸರನ್ನು ಮಾತ್ರ ಮುಟ್ಟಲಿಲ್ಲ. ಕಾರ್ಖಾನೆಯನ್ನು ಹಣಕ್ಕೆ ಕೊಳ್ಳಬಹುದು. ನಾಲಗೆಗೆ ರೂಢಿಯಾದ ಹೆಸರು ತಿನ್ನುವವರ ಸೊತ್ತು. ಬೆಂಗಳೂರಿನಲ್ಲಿ ಕರಿದರೂ ಮದ್ದೂರು ವಡೆಯನ್ನು ನಾವು ಮದ್ದೂರಿನದೆಂದೇ ಕರೆಯುತ್ತೇವಷ್ಟೆ.