ಆರು ಲೋಟದ ಮರದ ಸ್ಟ್ಯಾಂಡು
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಭಾಷಣ ಮಾಡುವುದು ಓದಿದವರ ಕೆಲಸ. ನಾನು ಹೋಟೆಲಿನಲ್ಲಿ ಲೋಟ ತೊಳೆದು, ಆಮೇಲೆ ಬಡಗಿ ಕೆಲಸ ಕಲಿತವನು. ಆದುದರಿಂದ ಬರಿಗೈಯಲ್ಲಿ ಬಾರದೆ ಈ ಸ್ಟ್ಯಾಂಡನ್ನು ಹಿಡಿದುಕೊಂಡು ಬಂದಿದ್ದೇನೆ. ಮಾತು ತಪ್ಪಿದರೆ ಇದನ್ನು ನೋಡಿಕೊಳ್ಳಿ.

1968ರಲ್ಲಿ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದಾಗ ನನಗೆ 12 ವರ್ಷ. ಲಾಲ್‌ಬಾಗಿನ ಒಂದು ಹೋಟೆಲಿನಿಂದ ಗಿರಣಿಗಳ ಆಫೀಸಿಗೆ ಚಹಾ ಮುಟ್ಟಿಸುವುದು ನನ್ನ ಕೆಲಸ. ತಂತಿಯ ಸ್ಟ್ಯಾಂಡು, ಅದರಲ್ಲಿ ಆರು ಲೋಟ. ಒಂದು ದಿನ ಮೂರನೆಯ ಮಾಳಿಗೆಯ ಮೆಟ್ಟಿಲಲ್ಲಿ ತಂತಿಯ ಹಿಡಿ ಕಳಚಿತು. ಕುದಿಯುವ ಚಹಾ ಮೊಣಕಾಲಿನಿಂದ ಪಾದದವರೆಗೆ ಇಳಿಯಿತು. ನಾಲ್ಕು ಲೋಟ ಒಡೆದವು. ಕಾಲಿಗೆ ಮುಲಾಮು ಹಚ್ಚುವ ಮೊದಲೇ ಲೋಟದ ಹಣ ಪಗಾರದಲ್ಲಿ ಮುರಿಯುವುದೆಂದು ತೀರ್ಮಾನವಾಯಿತು.

ನಮ್ಮ ಚಾಳಿನಲ್ಲಿ ಊರಿನ ಕಡೆಯ ಆಚಾರಿಯೊಬ್ಬರಿದ್ದರು. ರಾತ್ರಿ ನನ್ನ ಕಾಲು ನೋಡಿದವರು, "ಮಾಣಿ, ಈ ಹಲಗೆ ಗಟ್ಟಿ ಹಿಡ್ಕೊ" ಎಂದರು, ಬೇರೇನೂ ಹೇಳಲಿಲ್ಲ. ಹಣ್ಣಿನ ಪೆಟ್ಟಿಗೆಯ ಹಲಗೆಯಿಂದ ಒಂದೇ ರಾತ್ರಿಯಲ್ಲಿ ಸ್ಟ್ಯಾಂಡು ಮಾಡಿಕೊಟ್ಟರು. ಹಲಗೆ ಹಿಡಿದ ಆ ರಾತ್ರಿಯೇ ನನ್ನ ಕಸುಬಿನ ಮೊದಲ ಪಾಠ.

ಈಗ ಕೆಲಸಕ್ಕೆ ಬರೋಣ. ಮೊದಲು ನಿಮ್ಮ ಲೋಟವನ್ನು ಅಳೆಯಿರಿ. ಬಾಯಿ 2½ ಇಂಚು, ಎತ್ತರ 3½ ಇಂಚು ಎಂದಿಟ್ಟುಕೊಳ್ಳೋಣ. ಒಂದೊಂದು ಖಾನೆ 2¾ ಇಂಚು ಚೌಕ. ಇದಕ್ಕಿಂತ ಸಡಿಲವಾದರೆ ಲೋಟ ಕುಣಿಯುತ್ತದೆ, ಬಿಗಿಯಾದರೆ ಎತ್ತುವಾಗ ಚೆಲ್ಲುತ್ತದೆ.

ಅರ್ಧ ಇಂಚು ದಪ್ಪದ ಹಲಗೆಯಲ್ಲಿ ತಳ 8¾ ಇಂಚು ಉದ್ದ, 5¾ ಅಗಲ. ಎರಡು ತುದಿಯ ಹಲಗೆಗಳು 5¾ ಅಗಲ, 10 ಎತ್ತರ. ಎರಡು ಪಕ್ಕದ ಪಟ್ಟಿಗಳು 9¾ ಉದ್ದ, 3 ಎತ್ತರ. ಒಳಗಿನ ಅಡ್ಡಗಳಿಗೆ ಕಾಲು ಇಂಚಿನ ಪ್ಲೈವುಡ್, 2 ಇಂಚು ಎತ್ತರ: 8¾ ಉದ್ದದ್ದು ಒಂದು, 5¾ ಉದ್ದದ್ದು ಎರಡು.

ಉದ್ದದ ಅಡ್ಡಕ್ಕೆ ಎರಡೂ ತುದಿಯಿಂದ 2¾ ಇಂಚು ಬಿಟ್ಟು ಮೇಲಿನಿಂದ ಒಂದೊಂದು ಗಾಡಿ ಕೊಯ್ಯಿರಿ. ಗಾಡಿ ಕಾಲು ಇಂಚು ಅಗಲ, ಒಂದು ಇಂಚು ಆಳ. ಗಿಡ್ಡ ಅಡ್ಡಗಳಿಗೆ ನಡುವಿನಲ್ಲಿ, ಕೆಳಗಿನಿಂದ ಅಷ್ಟೇ ಗಾಡಿ. ಒಂದರೊಳಗೊಂದು ಕೂರಿಸಿದರೆ ಮೊಳೆಯಿಲ್ಲದೆ ಆರು ಖಾನೆಗಳಾಗುತ್ತವೆ.

ತುದಿಯ ಹಲಗೆಗಳಲ್ಲಿ ಮೇಲಿನಿಂದ 1½ ಇಂಚು ಕೆಳಗೆ, ಸರಿ ನಡುವೆ, ಬೈರಿಗೆಯಿಂದ ಒಂದು ಇಂಚಿನ ತೂತು ಕೊರೆಯಿರಿ. 11 ಇಂಚಿನ ದುಂಡು ಕೋಲು ಅದರಲ್ಲಿ ತೂರುತ್ತದೆ, ಇದೇ ಹಿಡಿ. ಲೋಟದ ಬಾಯಿಗೂ ಹಿಡಿಗೂ 4 ಇಂಚು ಎಡೆ ಸಿಗುತ್ತದೆ. ಕೈಗೆ ಲೋಟ ತಾಗುವುದಿಲ್ಲ. ಹಿಡಿ ತಿರುಗದಂತೆ ಎರಡೂ ಕಡೆ ಒಂದೊಂದು ಸಣ್ಣ ಮೊಳೆ ಹೊಡೆಯಿರಿ.

ತುದಿಯ ಹಲಗೆಗಳನ್ನು ತಳಕ್ಕೆ ಮರದ ಅಂಟು ಹಚ್ಚಿ ಸ್ಕ್ರೂ ಹಾಕಿ ಕೂರಿಸಬೇಕು. ಇಲ್ಲಿ ಬರೀ ಮೊಳೆ ನಂಬಬೇಡಿ, ಭಾರವೆಲ್ಲ ಇಲ್ಲಿಯೇ ಬೀಳುವುದು. ಪಕ್ಕದ ಪಟ್ಟಿಗಳಿಗೆ ಮೊಳೆ ಸಾಕು. ಮೊಳೆಯ ಮೊನೆಯನ್ನು ಸುತ್ತಿಗೆಯಿಂದ ಒಮ್ಮೆ ಕುಟ್ಟಿ ಮೊಂಡು ಮಾಡಿ ಹೊಡೆದರೆ ಹಲಗೆ ಸೀಳುವುದಿಲ್ಲ. ತಳಕ್ಕೆ ತೂತು ಬೇಡ. ಚೆಲ್ಲಿದ ಚಹಾ ಕಾಲಿನ ಮೇಲೆ ಸೋರಬಾರದು. ತೊಳೆದು ಕವುಚಿಟ್ಟರೆ ಒಣಗುತ್ತದೆ.

ಮೂರು ಎಚ್ಚರಿಕೆಗಳು. ಪರದೇಶದ ಸರಕಿನ ಪೆಟ್ಟಿಗೆಯ ಮೇಲೆ 'ಎಂ.ಬಿ.' ಎಂಬ ಅಚ್ಚಿದ್ದರೆ ಆ ಮರ ಬೇಡ. ಅದಕ್ಕೆ ವಿಷದ ಹೊಗೆ ಹಾಕಿರುತ್ತಾರೆ. ಅಗಸೆ ಎಣ್ಣೆ ಹಚ್ಚಿದರೆ, ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನಾಗಿಯೇ ಕಾದು ಬೆಂಕಿ ಹತ್ತಬಹುದು, ಹರಡಿ ಒಣಗಿಸಿ. ಸ್ಟ್ಯಾಂಡು ಸಿದ್ಧವಾದ ಮೇಲೆ ಮೊದಲು ತಣ್ಣೀರು ತುಂಬಿದ ಆರು ಲೋಟ ಇಟ್ಟು ಎರಡು ಮಾಳಿಗೆ ಹತ್ತಿ ಇಳಿಯಿರಿ. ಆಮೇಲೆಯೇ ಚಹಾ.

ಸುಟ್ಟರೆ ಏನು ಮಾಡಬೇಕೆಂದೂ ತಿಳಿದಿರಲಿ. ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಬೇಕು. ಮಂಜುಗಡ್ಡೆ, ಹಲ್ಲುಜ್ಜುವ ಪೇಸ್ಟು, ಅರಸಿನ ಯಾವುದೂ ಬೇಡ. ಗುಳ್ಳೆ ದೊಡ್ಡದಾದರೆ ಡಾಕ್ಟರರ ಬಳಿ ಹೋಗಿ.

ಬಂಧುಗಳೇ, ನಾನು ಚಹಾ ಹೊತ್ತ ಗಿರಣಿಗಳು ಇಂದಿಲ್ಲ. 1982ರ ಮುಷ್ಕರದ ನಂತರ ಒಂದೊಂದಾಗಿ ಮುಚ್ಚಿದವು. 14 ವರ್ಷದೊಳಗಿನ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸುವುದನ್ನು ಸರಕಾರ 2006ರಲ್ಲಿ ನಿಷೇಧಿಸಿತು. ಅಂಥ ಹುಡುಗನ ಕೈಯಲ್ಲಿ ಸ್ಟ್ಯಾಂಡು ಕಂಡರೆ ಅದನ್ನು ರಿಪೇರಿ ಮಾಡಿಕೊಟ್ಟು ಸುಮ್ಮನಾಗಬೇಡಿ, ಅವನನ್ನು ಶಾಲೆಗೆ ಸೇರಿಸಿ. ಆದರೆ ಚಹಾ ಹೊರುವ ದೊಡ್ಡವರ ಕೈ ಇನ್ನೂ ಇದೆ. ಸಾಹುಕಾರರು ಒಳ್ಳೆಯ ಸಾಮಾನು ಕೊಡಬೇಕೆಂದು ಸಂಘ ಕೇಳಲಿ, ಅದು ನಮ್ಮ ಹಕ್ಕು. ಅದು ಬರುವ ತನಕ ಒಬ್ಬನ ಕಾಲು ಸುಡದಿರಲು ಒಂದು ಭಾನುವಾರದ ಕೆಲಸ ಸಾಕು.

ನನ್ನ ಕಾಲಿನ ಕಲೆ ಇಂದಿಗೂ ಮಾಸಿಲ್ಲ. ಆ ಆಚಾರಿಯವರು ಮಾಡಿದ ಸ್ಟ್ಯಾಂಡು ಹನ್ನೊಂದು ವರ್ಷ ಬಾಳಿತು. ಮುಂದಿನ ಭಾನುವಾರ ಸಂಘದ ಕೋಣೆಗೆ ಗರಗಸ ತರುತ್ತೇನೆ. ನೀವು ಹಲಗೆ ತನ್ನಿ, ಜೊತೆಗೆ ಹಿಡಿದುಕೊಳ್ಳಲು ಒಬ್ಬ ಹುಡುಗನನ್ನೂ ಕರೆತನ್ನಿ.