ಸರಪಳಿ ಗರಗಸಕ್ಕೆ ಎಣ್ಣೆ ಇಳಿಯದಿದ್ದರೆ

ಮಳೆ ಹಿಡಿಯುವ ಮುಂಚೆ ಕಾಫಿ ತೋಟಗಳಲ್ಲಿ ಮರಕಸಿಯ ಕೆಲಸ. ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ಕಡೆ ಈಗ ಕತ್ತಿಯ ಜೊತೆಗೆ ಸರಪಳಿ ಗರಗಸದ, ಅಂದರೆ ಚೈನ್ ಸಾದ ಸದ್ದೂ ಕೇಳಿಬರುತ್ತದೆ. ಇದಕ್ಕೆ ಪೆಟ್ರೋಲ್ ಹಾಕುವುದನ್ನು ಯಾರೂ ಮರೆಯೋದಿಲ್ಲ. ಮರೆತರೆ ಅದು ಓಡುವುದೇ ಇಲ್ಲವಲ್ಲ! ಆದರೆ ಸರಪಳಿಗೆ ಎಣ್ಣೆ ಬಾರದಿದ್ದರೂ ಯಂತ್ರ ಓಡುತ್ತಲೇ ಇರುತ್ತದೆ. ಮೋಸ ಇರುವುದೇ ಇಲ್ಲಿ. ಒಣ ಸರಪಳಿ ಬಾರಿನ ತೋಡಿನಲ್ಲಿ ಉಜ್ಜಿ ಕಾಯುತ್ತದೆ. ಬಾರಿನ ಅಂಚು ನೀಲಿಗಟ್ಟುತ್ತದೆ. ಸರಪಳಿ ಹಿಗ್ಗಿ ಜೋಲುತ್ತದೆ. ಕೊನೆಗೆ ತೋಡು ಬಿಟ್ಟು ಹಾರಲೂಬಹುದು, ತುಂಡಾಗಲೂಬಹುದು. ಹಿಡಿದವನ ಕೈ ಅಲ್ಲೇ ಇರುತ್ತದೆ, ನೋಡಿ.

ಒಂದು ತೊಟ್ಟಿ ಪೆಟ್ರೋಲ್ ಮುಗಿಯುವಾಗ ಸರಪಳಿ ಎಣ್ಣೆಯೂ ಬಹುಪಾಲು ಮುಗಿದಿರಬೇಕು. ಹಾಗೇ ಉಳಿದಿದ್ದರೆ ಸಂಶಯಪಡಿ. ಹೊಸದಾಗಿ ಕೊಯ್ದ ಮೋಟಿನ ಮೇಲೆ ಒಂದು ಗೇಣು ಎತ್ತರದಲ್ಲಿ ಬಾರಿನ ತುದಿ ಹಿಡಿದು ಸ್ವಲ್ಪ ಹೊತ್ತು ಜೋರಾಗಿ ಓಡಿಸಿ. ಎಣ್ಣೆಯ ಗೆರೆ ಬಿದ್ದರೆ ಸರಿ.

ಬೀಳಲಿಲ್ಲವೇ? ಪಂಪೇ ಹೋಯ್ತು ಅಂತ ಪೇಟೆಗೆ ಓಡಬೇಡಿ. ಬಹುಮಟ್ಟಿಗೆ ಇದು ಮರದ ಹೊಟ್ಟಿನ ಕಾಟ. ಇಂಜಿನ್ ನಿಲ್ಲಿಸಿ, ಆರಲು ಬಿಟ್ಟು, ಪ್ಲಗ್ಗಿನ ತಂತಿ ಕಳಚಿ. ಕೈಗವಸು ಹಾಕಿಕೊಂಡು ಬಾರ್, ಸರಪಳಿ ಹೊರಕ್ಕೆ ತೆಗೆಯಿರಿ. ಬಾರಿನ ಬುಡದಲ್ಲಿ ಸಣ್ಣ ಕಿಂಡಿ ಕಾಣುತ್ತದೆ. ಎಣ್ಣೆ ತೋಡಿಗೆ ಇಳಿಯುವುದು ಅದರಿಂದಲೇ. ಅದನ್ನು ಸಣ್ಣ ತಂತಿಯಿಂದ ಬಿಡಿಸಿ. ತೋಡನ್ನು ತೆಳು ತಗಡಿನಿಂದ ಕೆರೆಯಿರಿ. ಬಾರ್ ಒರಗುವ ಜಾಗದಲ್ಲಿ, ಯಂತ್ರದ ಮೈಮೇಲಿನ ಎಣ್ಣೆಯ ಬಾಯಿಗೆ ಹೊಟ್ಟು ಮೆತ್ತಿ ಹಲಗೆಯಂತೆ ಗಟ್ಟಿಯಾಗಿರುತ್ತದೆ. ಅದನ್ನೂ ಕೆರೆದು ಒರೆಸಿ. ಮತ್ತೆ ಜೋಡಿಸುವಾಗ ಬಾರನ್ನು ಮಗುಚಿ ಹಾಕಿದರೆ ಎರಡು ಅಂಚೂ ಸಮನಾಗಿ ಸವೆಯುತ್ತವೆ.

ಇನ್ನೂ ಬಾರದಿದ್ದರೆ, ಓಡಿಸಿ ನಿಲ್ಲಿಸಿದ ಕೂಡಲೇ ಎಣ್ಣೆಯ ಮುಚ್ಚಳ ತಿರುಗಿಸಿ. ಬುಸ್ಸೆಂದು ಗಾಳಿ ಒಳಕ್ಕೆ ಹೋದರೆ ತೊಟ್ಟಿಯ ಉಸಿರುಕಿಂಡಿ ಕಟ್ಟಿದೆ ಎಂದರ್ಥ. ಗಾಳಿ ಒಳಹೋಗದೆ ಎಣ್ಣೆ ಹೊರಬರುವುದೆಂತು? ತೊಟ್ಟಿಯೊಳಗೆ ಕೊಳವೆಯ ತುದಿಗೊಂದು ಸೋಸುಕವಿದೆ. ಕೊಕ್ಕೆತಂತಿಯಿಂದ ಮೆಲ್ಲಗೆ ಎಳೆದು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಹಾಕಿ. ಕೊಳವೆ ಬಿರಿದಿದ್ದರೆ ಬದಲಾಯಿಸಿ.

ಇಷ್ಟಕ್ಕೂ ಬಗ್ಗದಿದ್ದರೆ ಮಾತ್ರ ಕ್ಲಚ್ಚಿನ ಹಿಂದಿರುವ ಸುರುಳಿಹಲ್ಲು ಸವೆದಿರಬಹುದು. ಬಹಳಷ್ಟು ಯಂತ್ರಗಳಲ್ಲಿ ಕ್ಲಚ್ಚಿನದು ಎಡಮರೆ. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಗೊತ್ತಿಲ್ಲದೆ ಬಲ ಹಾಕಿ ಮುರಿದವರುಂಟು. ಅಭ್ಯಾಸವಿಲ್ಲದವರು ಇದನ್ನು ಮೆಕ್ಯಾನಿಕ್ಕಿಗೆ ಬಿಡುವುದು ವಾಸಿ.

ಎಣ್ಣೆಯ ಮಾತು. ಜೀಪಿನಿಂದ ಇಳಿಸಿದ ಕರಿ ಎಣ್ಣೆ ಪುಕ್ಕಟೆ ನಿಜ, ಆದರೆ ಅದರಲ್ಲಿ ಲೋಹದ ಪುಡಿ, ಮಸಿ ಎಲ್ಲ ಇರುತ್ತದೆ, ಪಂಪನ್ನು ತಿನ್ನುತ್ತದೆ. ಮನೆಯಲ್ಲೇ ಇದೆಯಲ್ಲಾ ಎಂದು ತೆಂಗಿನೆಣ್ಣೆ ಸುರಿಯುವವರು ಡಿಸೆಂಬರ್ ಬೆಳಿಗ್ಗೆ ತಮ್ಮ ಬಚ್ಚಲಿನ ಸೀಸೆ ನೋಡಿಕೊಳ್ಳಲಿ: ಗಡ್ಡೆ ಕಟ್ಟಿರುತ್ತದೆ! ಸರಪಳಿಗೆಂದೇ ಮಾರುವ ಅಂಟು ಎಣ್ಣೆ ಹಾಕಿ, ಮುಚ್ಚಳ ಬಿಚ್ಚುವ ಮೊದಲು ಸುತ್ತಲಿನ ಹೊಟ್ಟು ಒರೆಸಿ. ರಾತ್ರಿ ಇಟ್ಟಲ್ಲಿ ಬೆಳಿಗ್ಗೆ ಒಂದೆರಡು ತೊಟ್ಟು ಸೋರಿದ್ದರೆ ಗಾಬರಿ ಬೇಡ. ಕೆಳಗೊಂದು ಗೋಣಿತಾಟು ಹಾಸಿದರಾಯಿತು.